ಗಣಿತದಲ್ಲಿ ಎಂ.ಎಸ್ಸಿಯೋ, ಬೋಧನೆಯ ಸರ್ಟಿಫಿಕೇಟೋ: ಎರಡನ್ನೂ ಓದಿದ ಮೇಲೆ

ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಡಿಗ್ರಿ ಮುಗಿದಿದೆ, ಮುಂದೆ ಗಣಿತದಲ್ಲೇ ಎಂ.ಎಸ್ಸಿ ಮಾಡಲೋ, ಗಣಿತ ಕಲಿಸುವ ಸರ್ಟಿಫಿಕೇಟ್ ಕೋರ್ಸಿಗೆ ಸೇರಲೋ? ನಾನು ಪಾಠ ಮಾಡುತ್ತಲೇ ಎರಡನ್ನೂ ಓದಿದೆ. ಮಧ್ಯೆ ಒಂದು ಆನ್‌ಲೈನ್ ಕೋರ್ಸೂ ಆಯ್ತು. ಈಗಾಗಲೇ ತರಗತಿಯಲ್ಲಿ ನಿಂತಿದ್ದು, ಒಂದನ್ನೇ ಮಾಡಲು ಆಗುವುದಾದರೆ ಸರ್ಟಿಫಿಕೇಟ್ ಮಾಡಿ ಅಂತಲೇ ಹೇಳುತ್ತೇನೆ. ಆದರೆ ಎಂ.ಎಸ್ಸಿ ಕೊಟ್ಟದ್ದನ್ನು ಅದು ಕೊಡಲಿಲ್ಲ.

ಮೊದಲು ಎಂ.ಎಸ್ಸಿ. ವರ್ಷಗಟ್ಟಲೆ ನಾನು ವರ್ಗ ಸಮೀಕರಣವನ್ನು ಅಪವರ್ತಿಸಿ, ಬೋರ್ಡಿನ ಮೇಲೆ (ಎಕ್ಸ್ − 2)(ಎಕ್ಸ್ − 3) = 0 ಅಂತ ಬರೆದು, ಎರಡರಲ್ಲಿ ಒಂದು ಸೊನ್ನೆ ಆಗಲೇಬೇಕು ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಯಾಕೆ ಆಗಲೇಬೇಕು? ಯೋಚಿಸಿಯೇ ಇರಲಿಲ್ಲ. ಅಬ್‌ಸ್ಟ್ರಾಕ್ಟ್ ಆಲ್ಜೀಬ್ರಾದಲ್ಲಿ ರಿಂಗ್‌ಗಳ, ಅಂದರೆ ಕೂಡುವುದು ಗುಣಿಸುವುದು ಎರಡೂ ಇರುವ ವ್ಯವಸ್ಥೆಗಳ, ಪಾಠ ಬಂದಾಗ ಗೊತ್ತಾಯ್ತು, ಅದು ನಾವು ದಿನಾ ಬಳಸುವ ಸಂಖ್ಯೆಗಳ ಗುಣ, ಎಲ್ಲ ಕಡೆ ಸಿಗುವುದಲ್ಲ. ಆರೇ ಗಂಟೆಗಳಿರುವ ಗಡಿಯಾರ ಇದೆ ಅಂದುಕೊಳ್ಳಿ, 0ಯಿಂದ 5ರವರೆಗೆ ಎಣಿಸಿ, 6 ಬಂದರೆ ಮತ್ತೆ 0. ಅಲ್ಲಿ 2ನ್ನು 3ರಿಂದ ಗುಣಿಸಿದರೆ ಸೊನ್ನೆ ಬರುತ್ತದೆ, ಎರಡೂ ಸೊನ್ನೆ ಅಲ್ಲದಿದ್ದರೂ! ಅದೇ ಸಮೀಕರಣಕ್ಕೆ ಅಲ್ಲಿ 0, 2, 3, 5 ಅಂತ ನಾಲ್ಕು ಮೂಲಗಳು. ಅವತ್ತು ರಾತ್ರಿ ಕೂತು ನಾಲ್ಕನ್ನೂ ಹಾಕಿ ನೋಡಿದ ಖುಷಿ ಇನ್ನೂ ನೆನಪಿದೆ.

ಮೈನಸ್ ಇಂಟು ಮೈನಸ್ ಪ್ಲಸ್ ಅನ್ನುವುದೂ ಹಾಗೆಯೇ. 1ಕ್ಕೆ ಮೈನಸ್ 1 ಕೂಡಿಸಿದರೆ ಸೊನ್ನೆ. ಆ ಇಡೀ ಮೊತ್ತವನ್ನು ಮೈನಸ್ 1ರಿಂದ ಗುಣಿಸಿದರೂ ಸೊನ್ನೆಯೇ ಬರಬೇಕು. ವಿತರಣಾ ನಿಯಮ ಹಾಕಿ ಬಿಡಿಸಿದರೆ ಒಂದು ಭಾಗ ಮೈನಸ್ 1, ಹಾಗಾದರೆ ಇನ್ನೊಂದು ಭಾಗ ಪ್ಲಸ್ 1 ಆಗದೆ ಬೇರೆ ದಾರಿ ಇಲ್ಲ. ಇದನ್ನು ತಿಳಿದುಕೊಂಡ ಮೇಲೆ "ರೂಲು ಹಾಗಿದೆ, ನೆನಪಿಟ್ಟುಕೋ" ಅಂತ ಮಕ್ಕಳಿಗೆ ಹೇಳುವುದನ್ನು ಬಿಟ್ಟೆ.

ಇನ್ನು ಕೊರತೆ. ಎರಡನೇ ವರ್ಷ ಓದಿದ ಮೆಷರ್ ಥಿಯರಿಯನ್ನು (ಉದ್ದ, ವಿಸ್ತೀರ್ಣಗಳನ್ನು ಅಳೆಯುವುದು ಅಂದರೇನು ಅಂತ ಬುಡದಿಂದ ನೋಡುವ ಗಣಿತ) ಹೈಸ್ಕೂಲಿನ ವಿಸ್ತೀರ್ಣದ ಪಾಠಕ್ಕೆ ಜೋಡಿಸಿ ಒಬ್ಬರೂ ಮಾತಾಡಲಿಲ್ಲ. ಆ ಸೇತುವೆಯನ್ನು ನಾವೇ ಕಟ್ಟಿಕೊಳ್ಳಬೇಕು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಈ ಮಾತು ಹೇಳಿದ್ದರು: ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಹೋದಾಗ ಒಂದು ಸಲ ಕೊಂಡಿ ತಪ್ಪುತ್ತದೆ, ಓದು ಮುಗಿಸಿ ಶಿಕ್ಷಕರಾಗಿ ಶಾಲೆಗೆ ವಾಪಸ್ ಬಂದಾಗ ಇನ್ನೊಂದು ಸಲ. ನೂರು ವರ್ಷ ದಾಟಿದರೂ ನನಗೆ ಎರಡೂ ಸಲ ತಪ್ಪಿತು.

ಸರ್ಟಿಫಿಕೇಟ್ ಕೋರ್ಸು ಒಂದು ವರ್ಷದ್ದು. ಗಣಿತದ ಮಟ್ಟ ಹೈಸ್ಕೂಲು ದಾಟಲಿಲ್ಲ, ಬರೆಯುವ ಕೆಲಸ ವಿಪರೀತ, ಒಂದೇ ಪಾಠಯೋಜನೆಯನ್ನು ಮೂರು ನಮೂನೆಯಲ್ಲಿ ತುಂಬಿಸಿದರು. ಅದು ನಿಜಕ್ಕೂ ಬೇಜಾರಿನ ಕೆಲಸ. ಆದರೆ ಮಕ್ಕಳ ತಪ್ಪು ಉತ್ತರವನ್ನು ಓದುವುದು ಹೇಗೆ ಅಂತ ಅಲ್ಲೇ ಕಲಿತೆ.

ಒಂದು ಉದಾಹರಣೆ ಹೇಳುತ್ತೇನೆ. 0.45 ಮತ್ತು 0.6ರಲ್ಲಿ ಯಾವುದು ದೊಡ್ಡದು? 0.45 ಅನ್ನುವ ಮಕ್ಕಳು ಇದ್ದೇ ಇರುತ್ತಾರೆ, 6ಕ್ಕಿಂತ 45 ದೊಡ್ಡದಲ್ವಾ ಅನ್ನುವುದು ಅವರ ಲೆಕ್ಕ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಇದು: 0.6 ಅಂತ ಸರಿ ಹೇಳಿದ ಮಕ್ಕಳಲ್ಲೂ ಕೆಲವರು, ಅಂಕೆಗಳು ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಅಂತ ನಂಬಿರುತ್ತಾರೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು, ಅದರಿಂದ ಹುಟ್ಟಿದ ತಪ್ಪು ತೀರ್ಮಾನ. ಅವರಿಗೆ 0.3 ಮತ್ತು 0.45 ಕೊಟ್ಟು ನೋಡಿ, 0.3 ದೊಡ್ಡದು ಅನ್ನುತ್ತಾರೆ. ಅಂದರೆ ನಾನು ಅಷ್ಟು ವರ್ಷ ತಪ್ಪು ಯೋಚನೆಗೆ ಸರಿ ಗುರುತು ಹಾಕಿ ಕಳಿಸಿದ್ದೆ. ಈಗ ಎರಡೂ ಪ್ರಶ್ನೆಗಳನ್ನು ಜೋಡಿಯಾಗಿಯೇ ಕೊಡುತ್ತೇನೆ. ಅಮೆರಿಕದ ಶಿಕ್ಷಣ ಸಂಶೋಧಕ ಲೀ ಶುಲ್ಮನ್ 1986ರಲ್ಲಿ ಬರೆದದ್ದು ಇಂಥ ತಿಳಿವಳಿಕೆಯ ಬಗ್ಗೆಯೇ, ಬರೀ ಗಣಿತವೂ ಅಲ್ಲದ ಬರೀ ಬೋಧನೆಯೂ ಅಲ್ಲದ, ಈ ವಿಷಯವನ್ನು ಕಲಿಸುವವರಿಗಷ್ಟೇ ಬೇಕಾದ ತಿಳಿವಳಿಕೆ.

ಇನ್ನೊಂದು, ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿದ ಹಿರಿಯ ಶಿಕ್ಷಕಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀರಿ ಅಂತ ಅವರು ಕೇಳಿದರು. ಐದಾರು ಸೆಕೆಂಡ್ ಅಂದೆ. ಅವರು ಬರೆದಿಟ್ಟುಕೊಂಡಿದ್ದರು, ಒಂದು ಸೆಕೆಂಡು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಇದನ್ನು ನಾನೇ ಓದಿದ್ದರೆ ಬದಲಾಗುತ್ತಿರಲಿಲ್ಲ. ಯಾರೋ ನನ್ನ ತರಗತಿಯಲ್ಲೇ ಕೂತು ಎಣಿಸಿದ್ದಕ್ಕೆ ಬದಲಾದೆ.

ಆನ್‌ಲೈನ್ ಕೋರ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಕೃತಿಗಳನ್ನು ಪರದೆಯ ಮೇಲೆ ಎಳೆದು ಅಲುಗಾಡಿಸಿ ನೋಡುವ ಜಿಯೋಜೀಬ್ರಾ ಅನ್ನುವ ಸಾಫ್ಟ್‌ವೇರ್ ಚೆನ್ನಾಗಿ ಕಲಿತೆ, ರೇಖಾಗಣಿತದ ಪಾಠಕ್ಕೆ ಇವತ್ತಿಗೂ ಅದನ್ನೇ ತೆರೆಯುತ್ತೇನೆ. ಆದರೆ ನನ್ನ ಪಾಠವನ್ನು ಒಬ್ಬರೂ ನೋಡಲಿಲ್ಲ.

ಸೇರುವ ಮೊದಲು ಇದೊಂದನ್ನು ಖಂಡಿತ ವಿಚಾರಿಸಿ. ಸ್ನಾತಕೋತ್ತರ ಪದವಿ ಬೇರೆ, ಕಲಿಸುವ ಪರವಾನಗಿ ಬೇರೆ. ಎಷ್ಟೋ ಕಡೆ ಬರೀ ಎಂ.ಎಸ್ಸಿ ಇದ್ದರೆ ಕಾಯಂ ಶಿಕ್ಷಕರಾಗಲು ಆಗುವುದಿಲ್ಲ. ನಾನು ಎಂ.ಎಸ್ಸಿಗೆ ಸೇರಿದ ವಿಭಾಗದಲ್ಲಿ ಆ ಪದವಿ ಪರವಾನಗಿಗೆ ಎಣಿಕೆಗೆ ಬರುತ್ತೆ ಅಂತ ಬಾಯಿಮಾತಿಗೆ ಹೇಳಿದ್ದರು, ಕೊನೆಗೆ ಬರಲಿಲ್ಲ. ತುಂಬಾ ನೋವಾಯ್ತು. ಪರವಾನಗಿ ಕೊಡುವ ಕಚೇರಿಯಿಂದಲೇ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಪಾಠವನ್ನು ಎಷ್ಟು ಸಲ ಕೂತು ನೋಡುತ್ತಾರೆ ಅಂತಲೂ ಕೇಳಿ. ಬೇರೆ ವಿಷಯದಲ್ಲಿ ಡಿಗ್ರಿ ಮಾಡಿ ಗಣಿತಕ್ಕೆ ಬಂದವರಾದರೆ ನನ್ನ ಸಲಹೆ ಉಲ್ಟಾ, ಮೊದಲು ಗಣಿತವನ್ನೇ ಗಟ್ಟಿಯಾಗಿ ಓದಿ.

ಮೊನ್ನೆ ಹತ್ತನೇ ತರಗತಿಗೆ ಆ ಆರು ಗಂಟೆಯ ಗಡಿಯಾರ ತೆಗೆದುಕೊಂಡು ಹೋಗಿದ್ದೆ. ನಾಲ್ಕು ಮೂಲ ಯಾಕೆ ಬಂತು ಅಂತ ಕೇಳಿ ಸುಮ್ನೆ ನಿಂತೆ. ಮೂರು ಸೆಕೆಂಡ್ ಅಲ್ಲ, ಅರ್ಧ ನಿಮಿಷವೇ ಆಗಿರಬೇಕು. ಕೊನೆಗೆ ಕಿಟಕಿ ಪಕ್ಕದ ಹುಡುಗಿ, "ಮಿಸ್, ಏಳು ಗಂಟೆಯ ಗಡಿಯಾರದಲ್ಲಿ ಮಾಡಿ ನೋಡೋಣ್ವಾ?" ಅಂದಳು. ಎಲ್ಲರೂ ಸೇರಿ ಒಂದೊಂದೇ ಸಂಖ್ಯೆ ಹಾಕುತ್ತಾ ಹೋದೆವು. ಎರಡೇ ಬಂದವು.