ಎಂಸಿಆರ್ ಚಪ್ಪಲಿ: ಮಿಷನ್ ಹಿಂದೆ ಸರಿದರೆ ಹೊಲಿಯುವವರು ಯಾರು?

ಕ್ರೈಸ್ತ ಧರ್ಮ ಕುಗ್ಗಿದರೆ ಸಮಾಜಕ್ಕೆ ಒಳ್ಳೆಯದೇ ಆಗುತ್ತದೆ ಎಂಬ ವಾದ ಕಲಬುರಗಿಯ ಕಾಲೇಜು ಹುಡುಗರ ಬಾಯಲ್ಲೂ ಕೇಳಿಸುತ್ತದೆ. ಯುರೋಪಿನಲ್ಲಿ ಚರ್ಚುಗಳು ಖಾಲಿಯಾದರೂ ಜನ ಚೆನ್ನಾಗಿಯೇ ಇದ್ದಾರಲ್ಲ ಎನ್ನುತ್ತಾರೆ. ಇದನ್ನು ದೇವರಿದ್ದಾನೋ ಇಲ್ಲವೋ ಎಂಬಲ್ಲಿಂದ ಹಿಡಿದರೆ ಬೆಳಗಾದರೂ ಮುಗಿಯುವುದಿಲ್ಲ. ಒಂದು ಜೊತೆ ಚಪ್ಪಲಿಯಿಂದ ಹಿಡಿದರೆ ಕೈಗೆ ಏನಾದರೂ ಸಿಗುತ್ತದೆ. ಕುಷ್ಠರೋಗದಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗೆ ರಾಷ್ಟ್ರೀಯ ಕುಷ್ಠರೋಗ ಕಾರ್ಯಕ್ರಮದಡಿ ವರ್ಷಕ್ಕೆ ಎರಡು ಜೊತೆ ಉಚಿತವಾಗಿ ಕೊಡುವ ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಅದು. ಅದನ್ನು ಅಳತೆಗೆ ಹೊಲಿಯುವ ಆಸ್ಪತ್ರೆಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಕ್ರೈಸ್ತ ಮಿಷನ್‌ಗಳು. ಇದು ಆ ಚಪ್ಪಲಿಯ ಮತ್ತು ಅದನ್ನು ಕಾಲಿಗೆ ತಲುಪಿಸುವ ಸೇವೆಯ ವಿಮರ್ಶೆ.

ಮೊದಲು ವಸ್ತು. ಕುಷ್ಠದಲ್ಲಿ ಬೆರಳು ತಾನಾಗಿ ಉದುರುವುದಿಲ್ಲ. ನರ ಸತ್ತ ಪಾದಕ್ಕೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಒಂದೇ ಜಾಗದ ಮೇಲೆ ಭಾರ ಬಿದ್ದು ಬಿದ್ದು ಒಳಗಿನ ಮಾಂಸ ಜಜ್ಜಿ ಹುಣ್ಣಾಗುತ್ತದೆ. ಹುಣ್ಣು ಎಲುಬಿಗೆ ಇಳಿದಾಗ ಪಾದ ಸವೆಯುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಮಿಷನರಿ ಶಸ್ತ್ರವೈದ್ಯ ಅವರು. ಸೊಟ್ಟಗಾದ ಕೈಬೆರಳನ್ನು ಸ್ನಾಯುರಜ್ಜು ಬದಲಿಸಿ ನೆಟ್ಟಗೆ ಮಾಡಿದ್ದು ಎಷ್ಟು ದೊಡ್ಡದೋ, ಕಾಲಿನ ಭಾರವನ್ನು ಹಂಚುವ ಈ ಮೆತ್ತನೆ ರಬ್ಬರನ್ನು ಬಳಕೆಗೆ ತಂದದ್ದೂ ಅಷ್ಟೇ ದೊಡ್ಡದು.

ಒಳ್ಳೆಯ ಜೊತೆಯನ್ನು ಗುರುತಿಸುವುದು ಕಷ್ಟವಲ್ಲ. ಒಳಹಾಸು ಹತ್ತು ಮಿಲಿಮೀಟರಿಗೆ ಕಡಿಮೆ ಇರಬಾರದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅದುಮಿದರೆ ಸುಮಾರು ಅರ್ಧ ದಪ್ಪಕ್ಕೆ ಇಳಿಯಬೇಕು, ಬಿಟ್ಟಕೂಡಲೇ ಮೊದಲಿನಂತಾಗಬೇಕು. ಅದುಮಿದರೂ ಇಳಿಯದಿದ್ದರೆ ಅದು ಮಾಮೂಲಿ ಹವಾಯಿ ರಬ್ಬರು. ಪೂರ್ತಿ ಚಪ್ಪಟೆಯಾಗಿ ಹಾಗೇ ಉಳಿದರೆ ಅದು ಸ್ಪಂಜು, ವಾರದೊಳಗೆ ಕುಸಿಯುತ್ತದೆ. ಕೆಳಗೆ ಗಟ್ಟಿ ಅಟ್ಟೆ ಬೇಕೇಬೇಕು. ನಮ್ಮ ಕಡೆ ಇದು ಬೇರೆ ಊರಿಗಿಂತ ಹೆಚ್ಚು ಮುಖ್ಯ: ರಾಶಿ ಮುಗಿದ ಹೊಲದಲ್ಲಿ ತೊಗರಿ ಕೂಳೆ ಮೊಳೆಯಂತೆ ನಿಂತಿರುತ್ತದೆ, ಬದುವಿನಲ್ಲಿ ಜಾಲಿ ಮುಳ್ಳು, ಶಹಾಬಾದ್ ಕಡೆ ಫರಸಿ ಕಲ್ಲಿನ ಚೂರು. ಬರೀ ಎಂಸಿಆರ್ ಆಗಿದ್ದರೆ ಇವೆಲ್ಲ ಸೀದಾ ಪಾದಕ್ಕೆ ತಾಗುತ್ತವೆ, ತಾಗಿದ್ದು ಆ ಮನುಷ್ಯನಿಗೆ ತಿಳಿಯುವುದೇ ಇಲ್ಲ. ಹಿಂದುಗಡೆ ಪಟ್ಟಿ ಇರಬೇಕು, ಯಾಕೆಂದರೆ ಮಡಚಿಕೊಂಡ ಬೆರಳು ಚಪ್ಪಲಿಯನ್ನು ಹಿಡಿಯಲಾರದು. ಹೆಬ್ಬೆರಳ ಸಂದಿನ ಉಂಗುಷ್ಟ ಬೇಡ, ಅದು ಅಲ್ಲೇ ಕೊರೆಯುತ್ತದೆ. ಪಟ್ಟಿ ಅಗಲವಾಗಿ, ವೆಲ್ಕ್ರೋ ಹಚ್ಚಿ ಸಡಿಲ ಬಿಗಿ ಮಾಡುವಂತಿರಬೇಕು. ಮೊಳೆ ಒಂದೂ ಇರಕೂಡದು. ಅಂಟು ಮತ್ತು ಹೊಲಿಗೆ ಮಾತ್ರ.

ಇಲ್ಲಿಯವರೆಗೆ ವಸ್ತುವಿಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಕಡಿತಗೊಂಡ ಅರ್ಧ ಅಂಕ ಮಳೆಗಾಲದ ಲೆಕ್ಕಕ್ಕೆ: ಎರಿ ಮಣ್ಣು ಅಟ್ಟೆಗೆ ಸೇರಿಗಟ್ಟಲೆ ಅಂಟಿ ಪಟ್ಟಿ ಕಿತ್ತುಬರುತ್ತದೆ.

ಸೇವೆಯ ಮಾತು ಬೇರೆ. ರೆಡಿ ಅಳತೆಯಲ್ಲಿ ಬರುವ ಜೊತೆಗಳ ದೊಡ್ಡ ದೋಷವೆಂದರೆ ಎರಡು ಕಾಲೂ ಒಂದೇ ಎಂದುಕೊಂಡಿರುವುದು. ಒಂದು ಪಾದ ಮೊಟಕಾದವರಿಗೆ ಎಡಕ್ಕೆ ಆರು, ಬಲಕ್ಕೆ ಎಂಟು ನಂಬರ್ ಬೇಕಾಗುತ್ತದೆ. ಡಬ್ಬಿಯಲ್ಲಿ ಬಂದದ್ದು ಎರಡೂ ಎಂಟು. ದೊಡ್ಡದಾದ ಚಪ್ಪಲಿಯೊಳಗೆ ಪಾದ ಜಾರುತ್ತದೆ, ಜಾರಿದಲ್ಲಿ ಗುಳ್ಳೆ, ಗುಳ್ಳೆಯಿಂದ ಮತ್ತೆ ಹುಣ್ಣು. ಆಮೇಲೆ ಬಜಾರಿನ ಮೋಚಿ ಹತ್ತಿರ ಹೋಗಿ ಪಟ್ಟಿಗೆ ಮೊಳೆ ಹೊಡೆಸುತ್ತಾರೆ. ಚಪ್ಪಲಿ ಕೊಟ್ಟ ಲೆಕ್ಕ ವಹಿಯಲ್ಲಿ ಸರಿಯಾಗಿರುತ್ತದೆ, ಹುಣ್ಣಿನ ಲೆಕ್ಕ ಯಾರೂ ಬರೆಯುವುದಿಲ್ಲ.

ಅಳತೆಯ ಜೊತೆ ಹೊಲಿಯುವ ಪದ್ಧತಿ ಉಳಿದಿರುವುದು ಹೆಚ್ಚಾಗಿ ಕುಷ್ಠರೋಗ ಆಸ್ಪತ್ರೆಗಳ ಸ್ವಂತ ಚಪ್ಪಲಿ ಕೋಣೆಗಳಲ್ಲಿ. ಅಂಥ ಆಸ್ಪತ್ರೆಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು ಮಿಷನ್‌ಗಳು. ಅಲ್ಲಿ ಕೂತ ಕಾಲಿನ ಅಳತೆ ತೆಗೆಯುವುದಿಲ್ಲ. ಕಾಗದದ ಮೇಲೆ ನಿಲ್ಲಿಸಿ, "ನೆಟ್ಟಗ ನಿಂದರ್ರಿ ಯಜಮಾನ್ರ, ಭಾರ ಹಾಕ್ರಿ" ಎಂದು ಹೇಳಿ, ಪೆನ್ಸಿಲ್ಲನ್ನು ಲಂಬವಾಗಿ ಹಿಡಿದು ಸುತ್ತ ಗೆರೆ ಎಳೆಯುತ್ತಾರೆ. ಕೂತಾಗ ಮತ್ತು ನಿಂತಾಗ ಪಾದದ ಅಗಲ ಬೇರೆಬೇರೆ. ಹಳೇ ಹುಣ್ಣಿನ ಕಲೆ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ, ಅದರ ಹಿಂದೆ ರಬ್ಬರಿನ ಸಣ್ಣ ಉಬ್ಬು ಕೂರಿಸಿ ಭಾರ ತಪ್ಪಿಸುತ್ತಾರೆ. ಹೊಸ ಜೊತೆ ಕೊಟ್ಟ ದಿನ ಅರ್ಧ ಗಂಟೆ ನಡೆಸಿ ಪಾದ ನೋಡುತ್ತಾರೆ, ಕೆಂಪಾಗಿದ್ದರೆ ವಾಪಸು ಪಡೆದು ತಿದ್ದುತ್ತಾರೆ. ಇಷ್ಟಕ್ಕೆ ಬೇಕಾದ್ದು ತರಬೇತಿ ಪಡೆದ ಒಬ್ಬ ಮೋಚಿ, ಅವನಿಗೆ ತಿಂಗಳ ಸಂಬಳ.

ಈಗ ಧರ್ಮದ ಪ್ರಶ್ನೆಗೆ ಬರೋಣ. ಮಿಷನ್ ಹಿಂದೆ ಸರಿದದ್ದರಿಂದ ಲಾಭವಾದದ್ದೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಯಾಜಕಕಾಂಡದ 13ನೇ ಅಧ್ಯಾಯ ಚರ್ಮರೋಗದವನನ್ನು ಪಾಳೆಯದ ಹೊರಗೆ ಇರಿಸು ಎನ್ನುತ್ತದೆ. ಆ ಭಯ ಶತಮಾನಗಳ ಕಾಲ ಚರ್ಚಿನ ಜೊತೆಗೇ ನಡೆದು ಬಂತು. ಮಿಷನ್ ಕುಷ್ಠಧಾಮಗಳಲ್ಲಿ ಗಂಡಸರು ಹೆಂಗಸರನ್ನು ಬೇರೆ ಇಡುತ್ತಿದ್ದರು, ಮಕ್ಕಳನ್ನು ತಾಯಿಯಿಂದ ಬಿಡಿಸುತ್ತಿದ್ದರು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠವೂ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು, ಹಿಂದೂ ವಿವಾಹ ಕಾಯ್ದೆಯಲ್ಲೂ ಇತ್ತು. ಎರಡರಿಂದಲೂ ಅದನ್ನು ಕಿತ್ತುಹಾಕಿದ್ದು 2019ರ ತಿದ್ದುಪಡಿ. ಪ್ರಾರ್ಥನೆಗೆ ಕೂತರೇನೇ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬ ಅಳುಕು ರೋಗಿಗಳಲ್ಲಿ ಇತ್ತು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಅಳುಕಿಲ್ಲದೆ ಎಂಡಿಟಿ, ಅಂದರೆ ಹಲವು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆಯ ಮಾತ್ರೆ ಪುಕ್ಕಟೆ ಸಿಗುತ್ತದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಸೇರಿದ ಪಟ್ಟಿ ಗುಳಿಗೆ ದೇಶವಿಡೀ ತಲುಪಿ, 2005ರ ಡಿಸೆಂಬರಿನಲ್ಲಿ ಭಾರತ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿತು. ಆ ಕೆಲಸವನ್ನು ಯಾವ ಧರ್ಮದ ಹಂಗೂ ಇಲ್ಲದ ಸರಕಾರಿ ವ್ಯವಸ್ಥೆ ಮಾಡಿ ತೋರಿಸಿತು.

ಮಾತ್ರೆಯನ್ನು ವರ್ಗಾಯಿಸಬಹುದು, ಏಕೆಂದರೆ ಅದು ಎಲ್ಲರಿಗೂ ಒಂದೇ. ಚಪ್ಪಲಿ ಒಬ್ಬೊಬ್ಬರಿಗೆ ಒಂದೊಂದು. 2000ದ ದಶಕದ ಆರಂಭದಲ್ಲಿ ಕುಷ್ಠರೋಗದ ಕೆಲಸವನ್ನು ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿಸಿದರು. ಅಲ್ಲಿಂದ ಪಾದ ನೋಡುವ ಕೆಲಸ ಎಲ್ಲರದ್ದಾಗಿ ಯಾರದ್ದೂ ಆಗಲಿಲ್ಲ. ಮಿಷನ್ ಕುಗ್ಗುವುದೇ ಒಳಿತು ಎನ್ನುವವರು ಉತ್ತರಿಸಬೇಕಾದ್ದು ಇಲ್ಲಿ. ಅದು ಕ್ರೈಸ್ತರಿಂದ ಮಾತ್ರ ಆಗುವ ಕೆಲಸವೂ ಅಲ್ಲ. ಸೇವಾಗ್ರಾಮದಲ್ಲಿ ಕುಷ್ಠರೋಗಿಯಾಗಿದ್ದ ಪರಚುರೆ ಶಾಸ್ತ್ರಿಗಳ ಆರೈಕೆ ಮಾಡಿದ್ದು ಗಾಂಧಿ, ಮಹಾರಾಷ್ಟ್ರದ ವರೋರಾದ ಬಳಿ ಕುಷ್ಠರೋಗಿಗಳಿಗಾಗಿ ಆನಂದವನ ಕಟ್ಟಿದ್ದು ಬಾಬಾ ಆಮ್ಟೆ. ಬೀದರ್, ಕಲಬುರಗಿ ಸೇರಿದ್ದ ಅದೇ ನಿಜಾಮ್ ರಾಜ್ಯದ ಡಿಚ್‌ಪಲ್ಲಿಯಲ್ಲಿ ಮೆಥೊಡಿಸ್ಟ್ ಚರ್ಚಿನ ವೈದ್ಯೆ ಇಸಬೆಲ್ ಕೆರ್ ಕುಷ್ಠರೋಗ ಆಸ್ಪತ್ರೆ ಕಟ್ಟಲು ಕೈ ಹಾಕಿದಾಗ ದೊಡ್ಡ ದಾನ ಕೊಟ್ಟವರು ಹಿಂದೂ ಶ್ರೀಮಂತ ನರಸಾಗೌಡರು. ಕಲ್ಯಾಣದ ನೆಲದಲ್ಲಿ ದಾಸೋಹಕ್ಕೆ ಇಂದಿಗೂ ಕೊರತೆಯಿಲ್ಲ. ಅನ್ನಕ್ಕೆ ಕೊಡುವ ಕೈ ಒಬ್ಬ ಮೋಚಿಯ ಸಂಬಳಕ್ಕೆ ಮುಂದೆ ಬರುತ್ತಿಲ್ಲ, ಅಷ್ಟೇ. ಬರುವವರೆಗೆ, ಚರ್ಚು ಕುಗ್ಗಲಿ ಎಂದು ಹಾರೈಸುವುದು ಆ ಕಾಲುಗಳ ಮೇಲೆ ಸಾಲ ಮಾಡಿದಂತೆ. ಸೇವೆಗೆ ಸದ್ಯ ಐದಕ್ಕೆ ಎರಡು.

ಚಪ್ಪಲಿ ಪಡೆಯುವವರಿಗೆ ಕೆಲವು ಮಾತು. ಜೊತೆ ಎಷ್ಟೇ ಒಳ್ಳೆಯದಿದ್ದರೂ ದಿನವೂ ಹದಿನೈದು ಇಪ್ಪತ್ತು ನಿಮಿಷ ತಣ್ಣೀರಲ್ಲಿ ಪಾದ ನೆನೆಸಬೇಕು. ಬಿಸಿನೀರು ಬೇಡವೇ ಬೇಡ, ಸುಟ್ಟರೂ ತಿಳಿಯದು. ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಉಜ್ಜಿ, ಒದ್ದೆ ಇರುವಾಗಲೇ ಎಣ್ಣೆ ಹಚ್ಚಬೇಕು. ಹಾಕಿಕೊಳ್ಳುವ ಮುಂಚೆ ಚಪ್ಪಲಿಯೊಳಗೆ ಕೈಯಾಡಿಸಬೇಕು. ಕೈಗೂ ಸ್ಪರ್ಶವಿಲ್ಲದಿದ್ದರೆ ಮನೆಯವರಿಗೆ ಹೇಳಿ ಆಡಿಸಬೇಕು. ತೆರೆದ ಹುಣ್ಣಿದ್ದರೆ ಚಪ್ಪಲಿಯೊಂದೇ ಸಾಲದು, ಕಾಲಿಗೆ ವಿಶ್ರಾಂತಿ ಮತ್ತು ದವಾಖಾನೆ ಬೇಕು. ಜೋಮು ಹೊಸದಾಗಿ ಶುರುವಾಗಿ ಆರು ತಿಂಗಳು ದಾಟಿಲ್ಲವೆಂದರೆ ಕೂಡಲೇ ವೈದ್ಯರಿಗೆ ತೋರಿಸಿರಿ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧದಿಂದ ನರ ಮರಳುವ ಸಾಧ್ಯತೆ ಆಗ ಮಾತ್ರ ಹೆಚ್ಚು. ಹೊಸ ಜೊತೆ ತರಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಒಯ್ಯಿರಿ. ಒಳಹಾಸು ಎಲ್ಲಿ ಗುಳಿಬಿದ್ದಿದೆಯೋ ಭಾರ ಅಲ್ಲೇ ಬೀಳುತ್ತಿದೆ, ಅಳತೆ ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಎರಡು ಕಾಲಿಗೆ ಎರಡು ನಂಬರ್ ಬೇಕೆಂದರೆ ನಾಚಿಕೆಪಡದೆ ಬಾಯಿಬಿಟ್ಟು ಕೇಳಿರಿ.