‘ಜಾಸ್’ 4ಕೆ ಡಿಸ್ಕ್ ಸೆಟ್: ಕಾದಂಬರಿ ಕಡಲಿಗಿಳಿದ ಬಗೆ

ಜನರನ್ನು ತಿನ್ನುವ ಶಾರ್ಕೊಂದನ್ನು ಮೂವರು ದೋಣಿಯಲ್ಲಿ ಬೇಟೆಯಾಡಲು ಹೊರಡುವ ಕಥೆ ‘ಜಾಸ್’. ಈ ಸಿನಿಮಾ ನೋಡಲು ಡಿಸ್ಕ್ ಬೇಕೆಂದೇನಿಲ್ಲ. ಆದರೂ 2020ರಲ್ಲಿ ಬಂದ, ಬ್ಲೂ-ರೇಗಿಂತ ಹೆಚ್ಚು ಸ್ಪಷ್ಟ ಚಿತ್ರ ಕೊಡುವ 4ಕೆ ಡಿಸ್ಕಿನ ಸೆಟ್ ಕೊಳ್ಳಲು ಒಂದು ಗಟ್ಟಿ ಕಾರಣವಿದೆ. ಅದು ಲೋರಾಂ ಬೂಜೆರೋ 1995ರಲ್ಲಿ ಡಿವಿಡಿಗೂ ಮೊದಲಿನ ದೊಡ್ಡ ವಿಡಿಯೊ ತಟ್ಟೆಯಾದ ಲೇಸರ್‌ಡಿಸ್ಕ್‌ಗಾಗಿ ಮಾಡಿದ ಎರಡು ಗಂಟೆಯ ಮೇಕಿಂಗ್ ಸಾಕ್ಷ್ಯಚಿತ್ರ. ಭರ್ಜರಿಯಾಗಿ ಮಾರಾಟವಾದ ಥ್ರಿಲ್ಲರ್ ಕಾದಂಬರಿಯೊಂದು ತೆರೆಗೆ ಬರುವಾಗ ಏನು ಉದುರುತ್ತದೆ, ಏನು ಕೈಕೊಡುತ್ತದೆ, ಕೈಕೊಟ್ಟದ್ದರಿಂದಲೇ ಸಿನಿಮಾ ಹೇಗೆ ಗೆಲ್ಲುತ್ತದೆ ಎಂಬುದನ್ನು ಕೆಲಸ ಮಾಡಿದವರ ಬಾಯಿಂದಲೇ ಕೇಳಬಹುದು. ಹಳೆಯ ಡಿವಿಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಒಮ್ಮೆ ವರ್ಷ ನೋಡಿಕೊಳ್ಳಿ. 2000ದ ಆವೃತ್ತಿಯಲ್ಲಿ ಈ ಸಾಕ್ಷ್ಯಚಿತ್ರವನ್ನು ಸುಮಾರು ಅರ್ಧಕ್ಕೆ ಕತ್ತರಿಸಿದ್ದಾರೆ. ಪೂರ್ತಿ ರೂಪ ಇರುವುದು 2005ರ ಡಿವಿಡಿಯಲ್ಲಿ, 2012ರ ಬ್ಲೂ-ರೇಯಲ್ಲಿ ಮತ್ತು ಈ ಸೆಟ್‌ನಲ್ಲಿ.

ಪೀಟರ್ ಬೆಂಚ್ಲಿಯ ಕಾದಂಬರಿ ಹೊರಬಂದದ್ದು 1974ರ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲೇ ನಿರ್ಮಾಪಕರಾದ ರಿಚರ್ಡ್ ಝಾನುಕ್ ಮತ್ತು ಡೇವಿಡ್ ಬ್ರೌನ್ ಹಕ್ಕು ಕೊಂಡಿದ್ದರು. ಮೊದಲ ಕರಡುಗಳನ್ನು ಬೆಂಚ್ಲಿಯೇ ಬರೆದರು. ಚಿತ್ರೀಕರಣ ನಡೆಯುತ್ತಿದ್ದಾಗಲೇ ಇನ್ನೊಬ್ಬ ಬರಹಗಾರ ಕಾರ್ಲ್ ಗಾಟ್ಲೀಬ್ ದೃಶ್ಯಗಳನ್ನು ತಿದ್ದಿ ಬರೆಯುತ್ತ ಹೋದರು. ಪುಸ್ತಕದಲ್ಲಿ ಪೊಲೀಸ್ ಮುಖ್ಯಸ್ಥನ ಹೆಂಡತಿಗೂ ಮೀನು ತಜ್ಞ ಹೂಪರ್‌ಗೂ ಸಂಬಂಧವಿದೆ, ಮೇಯರ್‌ಗೆ ಮಾಫಿಯಾದ ನಂಟಿದೆ. ಎರಡನ್ನೂ ಕಿತ್ತುಹಾಕಿದರು. ಪಾತ್ರಗಳ ಮೇಲೆ ಅಕ್ಕರೆ ಹುಟ್ಟದೆ, ಓದುವಾಗ ಶಾರ್ಕೇ ಗೆಲ್ಲಲಿ ಅನ್ನಿಸಿತ್ತು ಎಂದು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಹೇಳಿದ್ದಾರೆ. ದೋಣಿಯ ಮೇಲಿನ ಮೂವರೂ ಉಳಿಯಲಿ ಎಂದು ಪ್ರೇಕ್ಷಕ ಬಯಸದಿದ್ದರೆ ಭಯಕ್ಕೆ ಜಾಗವೇ ಇಲ್ಲ.

ಇನ್ನೊಂದು ಬದಲಾವಣೆ ಮೇಲ್ನೋಟಕ್ಕೆ ಸಣ್ಣದು, ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಕಾದಂಬರಿಯಲ್ಲಿ ದೋಣಿ ದಿನವೂ ಬೇಟೆಗೆ ಹೋಗಿ ದಡಕ್ಕೆ ಮರಳುತ್ತದೆ. ಸಿನಿಮಾದಲ್ಲಿ ಒಮ್ಮೆ ಹೊರಟ ಮೇಲೆ ಮರಳುವುದೇ ಇಲ್ಲ. ಮನೆಯ ಊಟ, ಹಾಸಿಗೆ, ಮರುದಿನದ ಲೆಕ್ಕಾಚಾರ ಎಲ್ಲವೂ ಒಂದೇ ಏಟಿಗೆ ಹೋಗಿ ಉಸಿರುಗಟ್ಟುವ ಬಿಗಿ ಬಂತು. ಚಿತ್ರಕಥೆ ಬರೆಯುವವರು ಕಾದಂಬರಿಯ ಮೂರನೇ ಭಾಗವನ್ನೂ ಸಿನಿಮಾದ ದ್ವಿತೀಯಾರ್ಧವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು.

ಸಾಕ್ಷ್ಯಚಿತ್ರದ ಜೀವಾಳ ಯಂತ್ರದ ಶಾರ್ಕಿನ ಭಾಗ. ಕಲಾ ನಿರ್ದೇಶಕ ಜೋ ಆಲ್ವ್ಸ್ ವಿನ್ಯಾಸ ಮಾಡಿದರು, ರಾಬರ್ಟ್ ಮ್ಯಾಟಿ ತಂಡ ಕಟ್ಟಿತು. ಒಟ್ಟು ಮೂರು ಶಾರ್ಕುಗಳು, ಉದ್ದ 25 ಅಡಿ. ಒಂದನ್ನು ನೀರಿನಡಿ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಉಳಿದೆರಡಕ್ಕೆ ಒಂದೊಂದೇ ಮಗ್ಗುಲು: ಒಂದು ಎಡದಿಂದ ಬಲಕ್ಕೆ ಹೋಗುವ ಶಾಟ್‌ಗೆ, ಇನ್ನೊಂದು ಬಲದಿಂದ ಎಡಕ್ಕೆ. ಕ್ಯಾಮೆರಾಗೆ ಕಾಣದ ಮಗ್ಗುಲು ಪೂರ್ತಿ ತೆರೆದು, ಕೊಳವೆಗಳು ಅಲ್ಲಿಂದ ಹೊರಬರುತ್ತಿದ್ದವು. ಒತ್ತಿದ ಗಾಳಿಯಿಂದ ನಡೆಯುವ ಒಂದೊಂದು ಶಾರ್ಕಿನ ಅಂಗಾಂಗ ಆಡಿಸಲು 14 ಜನರವರೆಗೂ ಬೇಕಾಗುತ್ತಿತ್ತು. ಈ ಎರಡೂ ಸಮುದ್ರದ ತಳದಲ್ಲಿ ಇಳಿಸಿದ ಉಕ್ಕಿನ ಅಟ್ಟಣೆಯ ಮೇಲೆ ಕೂರಬೇಕು. ಹಾಗಾಗಿ ದಡ ಕಾಣದಷ್ಟು ದೂರ, ಆದರೆ ಆಳ ಸುಮಾರು 35 ಅಡಿ ಮೀರದ ಮರಳಿನ ತಳ ಬೇಕಿತ್ತು. ಅಮೆರಿಕದ ಪೂರ್ವ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪವನ್ನು ಆರಿಸಿದ್ದಕ್ಕೆ ಇದೇ ಕಾರಣ.

ಎಡವಟ್ಟಾದದ್ದು ಪರೀಕ್ಷೆಯಲ್ಲಿ. ಉಪ್ಪುನೀರಿನಲ್ಲಿ ಮೊದಲೇ ಇಳಿಸಿ ನೋಡಿರಲಿಲ್ಲ. ಕಡಲಿಗೆ ಬಿಟ್ಟಾಗ ಉಪ್ಪು ಒಳಗಿನ ಭಾಗಗಳನ್ನು ತಿನ್ನತೊಡಗಿತು, ಹೊರ ಚರ್ಮ ನೀರು ಕುಡಿದು ಊದಿಕೊಂಡಿತು, ಒಂದು ಶಾರ್ಕ್ ತಳಕ್ಕೇ ಇಳಿಯಿತು. 1974ರ ಮೇ 2ರಂದು ಶುರುವಾಗಿ 55 ದಿನದಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಹಿಡಿಯಿತು. 12 ಗಂಟೆಯ ದಿನದಲ್ಲಿ ಕ್ಯಾಮೆರಾ ಓಡಿದ್ದು ಸರಾಸರಿ ನಾಲ್ಕೇ ಗಂಟೆ. ಶಾರ್ಕ್ ರಿಪೇರಿಯಾಗಿ ಬಂದರೆ ಅಷ್ಟರಲ್ಲಿ ಯಾರದೋ ಹಾಯಿದೋಣಿ ಚೌಕಟ್ಟಿನೊಳಗೆ ಬಂದಿರುತ್ತಿತ್ತು. ಮೂವರೇ ಒಂಟಿಯಾಗಿದ್ದಾರೆ ಎಂದು ನಂಬಿಸಲು ದಿಗಂತ ಖಾಲಿ ಇರಲೇಬೇಕು.

ಆ ಕೊರತೆಯನ್ನು ತುಂಬಿದ್ದು ಹಳದಿ ಪೀಪಾಯಿಗಳು. ಶಾರ್ಕಿಗೆ ಈಟಿಯಿಂದ ಸಿಕ್ಕಿಸಿದ ಪೀಪಾಯಿ ನೀರಿನ ಮೇಲೆ ಓಡಿದರೆ ಸಾಕು, ಕೆಳಗೆ ಅದು ಇದೆ ಎಂದು ಗೊತ್ತಾಗುತ್ತದೆ. 124 ನಿಮಿಷದ ಚಿತ್ರದಲ್ಲಿ ಶಾರ್ಕ್ ತಲೆಯೆತ್ತಿ ಸರಿಯಾಗಿ ಮುಖ ತೋರಿಸುವುದು ಸುಮಾರು 1 ಗಂಟೆ 21ನೇ ನಿಮಿಷಕ್ಕೆ. ಅಲ್ಲಿಯವರೆಗೂ ಅದರ ಪಾತ್ರ ವಹಿಸಿದ್ದು ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಕೊಟ್ಟ, ಪಕ್ಕಪಕ್ಕದ ಎರಡು ಸ್ವರಗಳು. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವ ದೃಶ್ಯ ನೋಡಿ: ಅಲ್ಲಿ ಆ ಸಂಗೀತವಿಲ್ಲ. ಸುಳ್ಳು ಶಾರ್ಕಿಗೆ ಸ್ವರ ಹಾಕದೆ ಪ್ರೇಕ್ಷಕನೊಡನೆ ಪ್ರಾಮಾಣಿಕವಾಗಿ ನಡೆದುಕೊಂಡಿದ್ದಾರೆ.

ನಿಜವಾದ ಬಿಳಿ ಶಾರ್ಕನ್ನು ಆಸ್ಟ್ರೇಲಿಯಾದಲ್ಲಿ ಚಿತ್ರಿಸಿದವರು ರಾನ್ ಮತ್ತು ವ್ಯಾಲೆರಿ ಟೇಲರ್. ಅಲ್ಲಿನ ಶಾರ್ಕ್ 25 ಅಡಿಯದಾಗಿ ಕಾಣಲೆಂದು ಪಂಜರವನ್ನು ಚಿಕ್ಕದಾಗಿ ಮಾಡಿ, ಅದರೊಳಗೆ ಗಿಡ್ಡ ಸ್ಟಂಟ್‌ಮನ್‌ನನ್ನು ಇಳಿಸುವ ಉಪಾಯ. ಪಂಜರ ಖಾಲಿ ಇದ್ದಾಗ ಒಂದು ಶಾರ್ಕ್ ಅದರ ತಂತಿಗಳಿಗೆ ಸಿಕ್ಕಿಕೊಂಡು ಒದ್ದಾಡಿತು. ಆ ಶಾಟ್ ಬಿಡುವಂತಿರಲಿಲ್ಲ, ಆದರೆ ಪಂಜರದಲ್ಲಿ ಯಾರೂ ಇಲ್ಲದ್ದಕ್ಕೆ ಕಥೆಯಲ್ಲಿ ಕಾರಣ ಬೇಕಿತ್ತು. ಪುಸ್ತಕದಲ್ಲಿ ಪಂಜರದೊಳಗೇ ಸಾಯುವ ಹೂಪರ್ ಸಿನಿಮಾದಲ್ಲಿ ತಪ್ಪಿಸಿಕೊಂಡು ಬದುಕಿದ್ದು ಹೀಗೆ.

ಛಾಯಾಗ್ರಾಹಕ ಬಿಲ್ ಬಟ್ಲರ್ ದೋಣಿಯ ಮೇಲಿನ ಬಹುಪಾಲು ದೃಶ್ಯಗಳನ್ನು ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆಸಿದರು. ಟ್ರೈಪಾಡ್ ಇಟ್ಟರೆ ದೋಣಿಯ ಹೊಯ್ದಾಟವೆಲ್ಲ ದಿಗಂತಕ್ಕೆ ಬಂದು ನೋಡುವವರಿಗೆ ತಲೆ ಸುತ್ತುತ್ತದೆ. ಆಪರೇಟರ್‌ನ ಮೊಣಕಾಲು ಅದನ್ನು ನುಂಗಿಕೊಳ್ಳುತ್ತದೆ. ಗಾಜಿನ ಮುಖದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇಟ್ಟು ನೀರಿನ ಮಟ್ಟಕ್ಕೆ ಇಳಿಸಿದ್ದರಿಂದ, ಈಜುವವರ ಕಣ್ಣಿನ ಎತ್ತರದ ಶಾಟ್‌ಗಳು ಸಾಧ್ಯವಾದವು.

ಇಷ್ಟೆಲ್ಲ ಇದ್ದೂ ಒಂದು ದೊಡ್ಡ ಬರಿದು ಕಾಡುತ್ತದೆ. ಬೆಳಕು, ಅಲೆ ಒಂದಕ್ಕೊಂದು ಹೊಂದದ ತುಣುಕುಗಳನ್ನು ಕೂಡಿಸಿ ಆಸ್ಕರ್ ಪಡೆದ ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ 1982ರಲ್ಲೇ ತೀರಿಕೊಂಡಿದ್ದರು, ಮ್ಯಾಟಿ 1993ರಲ್ಲಿ. ಹಾಗಾಗಿ ಇಬ್ಬರ ಮಾತೂ ಸಾಕ್ಷ್ಯಚಿತ್ರಕ್ಕೆ ಸಿಗಲಿಲ್ಲ. ಶಾರ್ಕ್ ಶಾಟ್ ಎಷ್ಟು ಫ್ರೇಮ್‌ಗೆ ಕತ್ತರಿಸಿದರೆ ರಬ್ಬರು ಕಾಣುವುದಿಲ್ಲ ಎಂದು ಆಕೆಯೇ ಹೇಳಬೇಕಿತ್ತು. ಸ್ಪೀಲ್‌ಬರ್ಗ್ ಸಿನಿಮಾ ಓಡುತ್ತಿರುವಾಗಲೇ ಅದರ ಬಗ್ಗೆ ಮಾತಾಡುವ ಕಾಮೆಂಟರಿ ಕೊಡುವವರಲ್ಲ, ಹಾಗಾಗಿ ಅದೂ ಇಲ್ಲ. ಸಾಕ್ಷ್ಯಚಿತ್ರದ ಚಿತ್ರ ಹಳೆಯ ಟಿವಿ ಗುಣಮಟ್ಟದ್ದು. ದೊಡ್ಡ ಪರದೆಯಲ್ಲಿ ಮಸುಕು ಎದ್ದು ಕಾಣುತ್ತದೆ.

ಸಿನಿಮಾದ ಪ್ರತಿ ಮಾತ್ರ ಅಚ್ಚುಕಟ್ಟು. ಫಿಲ್ಮ್‌ನ ಸಣ್ಣ ಕಣಗಳನ್ನು (ಗ್ರೇನ್) ಒರೆಸಿಲ್ಲ, ಪೀಪಾಯಿಯ ಹಳದಿ ನೀರಿನ ಬೂದುಬಣ್ಣದ ಮೇಲೆ ಹೊಳೆಯುತ್ತದೆ. 4ಕೆ ಡಿಸ್ಕಿಗೆ ಇಂಥ ದೇಶದ ಪ್ಲೇಯರ್‌ನಲ್ಲೇ ಓಡಬೇಕೆಂಬ ಪ್ರದೇಶದ ಬೀಗ ಇಲ್ಲ, ಆದರೆ ಮಾಮೂಲಿ ಬ್ಲೂ-ರೇ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಟಿವಿಗೆ ಬೆಳಕು-ನೆರಳಿನ ಅಂತರವನ್ನು ಹೆಚ್ಚು ತೋರಿಸುವ ಎಚ್‌ಡಿಆರ್ ಇಲ್ಲದಿದ್ದರೆ ಸೆಟ್‌ನೊಳಗಿನ ಬ್ಲೂ-ರೇಯೇ ಸಾಕು. ಅದೂ ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ ಸ್ಕ್ಯಾನ್ ಮಾಡಿದ್ದೇ. ಡಾಲ್ಬಿ ಅಟ್ಮಾಸ್ ಸದ್ದು ಅಲೆಗಳನ್ನು ಕೋಣೆಯ ತುಂಬ ಹರಡುತ್ತದೆ. ಮೊದಲ ಸಲ ನೋಡುವವರು ಆಡಿಯೊ ಮೆನುವಿಗೆ ಹೋಗಿ 1975ರ ಮೂಲ ಮೋನೊ (ಒಂದೇ ಚಾನೆಲ್‌ನ) ಟ್ರ್ಯಾಕ್ ಆರಿಸಿಕೊಳ್ಳಿ. ಆ ಎರಡು ಸ್ವರ ನೇರ ಎದುರಿನಿಂದಲೇ ಬರುತ್ತವೆ.