ಆಡಮ್ಸ್ ಕೌಂಟಿಯ ಕ್ವಿಲ್ಟ್ ಟ್ರೇಲ್: ನಿಧಾನವಾಗಿ ನೋಡಬೇಕಾದ ದಾರಿ

ಅಮೆರಿಕದ ಓಹಾಯೋ ರಾಜ್ಯದ ಆಡಮ್ಸ್ ಕೌಂಟಿ ಕಡೆ ಹೋಗುವವರಿದ್ದರೆ ಕ್ವಿಲ್ಟ್ ಟ್ರೇಲ್‌ಗೆ ಸಮಯ ಇಟ್ಟುಕೊಳ್ಳಿ. ಕ್ವಿಲ್ಟ್ ಅಂದರೆ ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿಯುವ, ನಮ್ಮ ಕೌದಿಯಂಥ ಹೊದಿಕೆ; ಅದರ ವಿನ್ಯಾಸಗಳನ್ನು ಗೋಡೆಗಳ ಮೇಲೆ ನೋಡುತ್ತಾ ಸಾಗುವ ದಾರಿಯೇ ಈ ಟ್ರೇಲ್. ನನಗಂತೂ ತುಂಬಾ ಇಷ್ಟವಾಯಿತು. ಹಳೆಯ ಬಾರ್ನ್‌ಗಳ (ಹೊಲದ ಕೊಟ್ಟಿಗೆ, ಕಣಜಗಳ) ಗೋಡೆ ಮೇಲೆ ಎಂಟು ಅಡಿಯಷ್ಟು ದೊಡ್ಡ ಚೌಕಗಳು, ಒಂದೊಂದರಲ್ಲೂ ಕ್ವಿಲ್ಟ್‌ನ ಒಂದೊಂದು ವಿನ್ಯಾಸ, ಅದೂ ದೂರದ ರಸ್ತೆಯಿಂದಲೇ ಕಾಣುವಂಥ ಗಾಢ ಬಣ್ಣಗಳಲ್ಲಿ.

ಇದನ್ನು ಶುರು ಮಾಡಿದವರು ಡೊನ್ನಾ ಸ್ಯೂ ಗ್ರೋವ್ಸ್. ಕ್ವಿಲ್ಟ್ ಹೊಲಿಯುತ್ತಿದ್ದ ತಮ್ಮ ಅಮ್ಮನ ಗೌರವಕ್ಕೆ ಸ್ವಂತ ಬಾರ್ನ್ ಮೇಲೆ ಒಂದೇ ಒಂದು ಚೌಕ ಬರೆಸುವುದು ಅವರ ಆಸೆಯಾಗಿತ್ತು. ಆ ಆಸೆ ಊರವರ ಕೈ ಸೇರಿ 20 ಚೌಕಗಳ ದಾರಿಯಾಯಿತು. ಮೊದಲನೆಯದು 'ಓಹಾಯೋ ಸ್ಟಾರ್', 2001ರದ್ದು. ಆಮೇಲೆ ಈ ಯೋಚನೆ ಅಮೆರಿಕದ ಎಷ್ಟೋ ರಾಜ್ಯಗಳಿಗೆ, ಕೆನಡಾಕ್ಕೂ ಹಬ್ಬಿತು. ಒಬ್ಬ ಮಗಳ ಪ್ರೀತಿ ಇಷ್ಟು ದೂರ ಹೋಗಿದೆ ಅಂದರೆ ಖುಷಿಯಾಗುತ್ತೆ ಅಲ್ವಾ?

ಬೇರೆ ಕಡೆ ನೋಡಿದ ಒಂದು ಟ್ರೇಲ್ ಮಾತ್ರ ಬೇಸರ ತರಿಸಿತು. ಬಣ್ಣ ಮಾಸಿತ್ತು, ಮ್ಯಾಪ್ ಹಳೆಯದು, ಯಾವ ಚೌಕಕ್ಕೂ ಅದರ ಕಥೆ ಹೇಳುವ ಫಲಕ ಇರಲಿಲ್ಲ. ನಿಮ್ಮ ಊರಲ್ಲಿ ಇಂಥದ್ದು ಮಾಡುವವರು ಬಣ್ಣ ಬಳಿಯುವ ಮೊದಲೇ ಇದನ್ನೆಲ್ಲ ತೀರ್ಮಾನಿಸಿ: ಮಾಲೀಕರ ಒಪ್ಪಿಗೆ, ಕಾರು ನಿಲ್ಲಿಸಲು ಸುರಕ್ಷಿತ ಜಾಗ, ವರ್ಷಗಳ ನಂತರ ಮತ್ತೆ ಬಣ್ಣ ಹಚ್ಚುವವರು ಯಾರು ಅನ್ನುವುದು. ಸುಮ್ನೆ ಚಂದದ ಚೌಕ ನೇತುಹಾಕಿದರೆ ಸಾಲದು. ಆ ಮನೆಯವರ ಅಜ್ಜಿ ಹೊಲಿದಿದ್ದ ವಿನ್ಯಾಸವನ್ನೇ ಆರಿಸಿದರೆ ಜಾಸ್ತಿ ಚೆನ್ನ.

ನೋಡಲು ಹೋಗುವವರಿಗೆ ಒಂದು ಮಾತು. ಬಾರ್ನ್‌ಗಳು ಬಹುತೇಕ ಖಾಸಗಿ ಜಾಗದಲ್ಲಿರುತ್ತವೆ, ಹಾಗಾಗಿ ಕೇಳದೆ ಒಳಗೆ ಹೋಗಬೇಡಿ, ರಸ್ತೆಯಿಂದಲೇ ಫೋಟೋ ತೆಗೆಯಿರಿ.